ಗೋಣುಮುರುಕಿ ಕಲಿಸಿದ ಹೂಂ

ಗೋಣುಮುರುಕಿ ಎಂದರೆ ಯಾವುದೋ ಬೇರು, ಇಲ್ಲವೇ ಬಳ್ಳಿ, ಹೆಚ್ಚೆಂದರೆ ಅದರಿಂದ ಇಳಿಸಿದ ಎಣ್ಣೆ ಇರಬೇಕೆಂದು ನಾನು ತಿಳಿದಿದ್ದೆ. ತಪ್ಪು ನನ್ನೊಬ್ಬನದೇ ಅಲ್ಲ. ನನ್ನ ಭಾವಮೈದ ಆ ಹೆಸರನ್ನು ಹೇಳಿದ ಗತ್ತೇ ಹಾಗಿತ್ತು. “ಭಾವ, ನಿಮ್ಮ ತಲೆನೋವಿಗೆ ಗುಳಿಗೆ ನುಂಗಿ ಪ್ರಯೋಜನ ಇಲ್ಲ. ಗೋಣುಮುರುಕಿನೇ ಆಗಬೇಕು. ನನಗೆ ಎರಡೇ ಸಲಕ್ಕೆ ಹಿಡೀತು.” ನಾನು ನೇರ ಮೆಡಿಕಲ್ ಶಾಪಿಗೆ ಹೋಗಿ, ಕೌಂಟರಿನ ಮೇಲೆ ಮೊಣಕೈಯೂರಿ, ಬಲ್ಲವನ ಹಾಗೆ ಕೇಳಿದೆ: “ಗೋಣುಮುರುಕಿ ಒಂದು ಬಾಟಲಿ. ಚಿಕ್ಕದು ಸಾಕು.”

ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೊಮ್ಮೆ ನೋಡಿದ. ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ನಿಂತಿದ್ದ ಹೆಂಗಸು ಕೆಮ್ಮು ಮರೆತು ನಕ್ಕಳು.

“ಅದು ಬಾಟಲಿಯಲ್ಲಿ ಹಿಡಿಸಲ್ಲ ಸಾರ್. ಎದುರಿನ ಆಸ್ಪತ್ರೆ, ಮೆಟ್ಟಿಲ ಕೆಳಗಿನ ಕೋಣೆ. ಅಲ್ಲಾಡಿಸಿ ಕುಡಿಯೋ ಔಷಧಿ ಅಲ್ಲ ಅದು. ಅದೇ ನಿಮ್ಮನ್ನ ಅಲ್ಲಾಡಿಸುತ್ತೆ.”

ಹೀಗೆ ನಾನು, ಊರು ಗೋಣುಮುರುಕಿ ಎಂದು ಕರೆಯುತ್ತಿದ್ದ ಆ ಹೆಂಗಸಿನ ಕೈಗೆ ಸಿಕ್ಕಿದೆ. ನನ್ನ ಕಸುಬು ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಬೇರೆಯವರ ತಪ್ಪುಗಳ ಮೇಲೆ ದಿನವಿಡೀ ಬಗ್ಗಿರುವವನಿಗೆ ಕತ್ತು ಹಿಡಿಯದೆ ಇನ್ನೇನು ಹಿಡಿಯಬೇಕು?

ಕೋಣೆಯ ಚಾವಣಿ ಮೆಟ್ಟಿಲ ಜೊತೆಗೇ ಇಳಿಜಾರಾಗಿತ್ತು. ಒಳಗೆ ಬರುವ ರೋಗಿ ತಲೆ ಬಗ್ಗಿಸದೆ ಬೆಂಚು ಮುಟ್ಟುವಂತಿರಲಿಲ್ಲ. ಬಗ್ಗಿಸದವರಿಗೆ ತಲೆನೋವು ಖಾತ್ರಿಯಾಗಿ ಸಿಗುತ್ತಿತ್ತು. ಮುಖ ತೂರಿಸಲು ತೂತಿದ್ದ ಒಂದು ಬೆಂಚು, ಬಿಸಿನೀರಿನ ಬೋಗುಣಿ, ಒಂದಿಷ್ಟು ಟವೆಲು. ನಡುವೆ ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಎರಡು ಹೆಬ್ಬೆರಳಿನ ಬುಡಕ್ಕೂ ಬಿಳಿ ಪಟ್ಟಿ ಸುತ್ತಿಕೊಂಡಿದ್ದಳು.

“ನೋವು ಎಲ್ಲಿ ಹುಟ್ಟುತ್ತೆ?”

“ತಲೇಲಿ.”

“ಎಲ್ಲಿಗೆ ಮುಟ್ಟುತ್ತೆ ಅಂತ ಕೇಳಲಿಲ್ಲ. ಎಲ್ಲಿ ಹುಟ್ಟುತ್ತೆ ಅಂದೆ.”

ನಾನು ಬೆರಳಿಟ್ಟು ತೋರಿಸಿದೆ. ಹೆಕ್ಕತ್ತಿನಲ್ಲಿ ಶುರುವಾಗಿ, ಕಿವಿಯ ಹಿಂದಿನಿಂದ ಏರಿ, ಎಡಗಣ್ಣಿನ ಮೇಲೆ ಬಂದು ಕೊಕ್ಕೆ ಹಾಕಿಕೊಳ್ಳುತ್ತಿತ್ತು, ಥೇಟು ಛತ್ರಿಯ ಹಿಡಿಯ ಹಾಗೆ.

“ನಿಮ್ಮ ತಲೆಗೆ ಏನೂ ಆಗಿಲ್ಲ. ಕತ್ತು ಅಳ್ತಿದೆ, ತಲೆ ಕೂಗ್ತಿದೆ, ಅಷ್ಟೇ,” ಎಂದು ಆಕೆ ನನ್ನನ್ನು ಅಂಗಾತ ಮಲಗಿಸಿ, ಗದ್ದ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ, ಹಾಗೆಯೇ ಬಲಕ್ಕೆ ತಿರುಗಿಸಿದಳು. ಎಣ್ಣೆ ಬಿಟ್ಟ ಬಾಗಿಲಿನಂತೆ ತಿರುಗಿತು. ಎಡಕ್ಕೆ ತಿರುಗಿಸಿದಳು. ಅರ್ಧಕ್ಕೆ ಚಿಲಕ ಬಿದ್ದಂತೆ ನಿಂತಿತು.

“ಕಳ್ಳ ಸಿಕ್ಕಿದ,” ಎಂದಳು. ಧ್ವನಿಯಲ್ಲಿ ಮರುಕ ಇರಲಿಲ್ಲ, ಹಿಗ್ಗು ಇತ್ತು.

ಆಮೇಲೆ ಬೋರಲು. ತೂತಿನೊಳಗಿಂದ ನನಗೆ ಕಾಣುತ್ತಿದ್ದುದು ಆಕೆಯ ಸವೆದ ಚಪ್ಪಲಿ ಮಾತ್ರ. ಹೆಬ್ಬೆರಳು ಕತ್ತಿನ ಮೇಲ್ತುದಿಯ ಮೂಳೆಯ ಪಕ್ಕಕ್ಕೆ ಬಂದು ನಿಧಾನವಾಗಿ ಇಳಿಯಿತು. ಇದ್ದಕ್ಕಿದ್ದಂತೆ ನನ್ನ ಅದೇ ಹಳೆಯ ತಲೆನೋವು, ಯಾರೋ ಸ್ವಿಚ್ ಒತ್ತಿದಂತೆ ಕಣ್ಣ ಮೇಲೆ ಹತ್ತಿಕೊಂಡಿತು.

“ಇದೇನಾ ನಿಮ್ಮದು?”

“ಇದೇ! ಇದೇ! ಅಯ್ಯೋ, ಇದೇ!”

“ಹಾಗಾದ್ರೆ ಸುಮ್ಮನಿರಿ. ಸಿಕ್ಕಿದ್ದನ್ನ ಬಿಡೋಕಾಗುತ್ತಾ?”

ಬಿಡಲಿಲ್ಲ. ನೋವು ತಾನಾಗಿ ಸೋತು ಕರಗುವ ತನಕ ಹಿಡಿದಿದ್ದಳು. ಎದ್ದಾಗ ಹಗುರವಾಗಿದ್ದೆ. ಕೊನೆಗೊಂದು ವ್ಯಾಯಾಮ ಕಲಿಸಿದಳು. ಈ ಕಥೆಗೆ ಬೇಕಾದದ್ದು ಅದೇ.

“ಈಗ ಹೂಂ ಅನ್ನಿ.”

“ಹೂಂ.”

“ಬಾಯಲ್ಲಲ್ಲ ಸ್ವಾಮಿ, ಗೋಣಲ್ಲಿ. ಗದ್ದ ಒಂದು ಉಗುರಿನಷ್ಟು ಒಳಕ್ಕೆ. ಕಣ್ಣು ಕೆಳಗೆ.” ನನ್ನ ಗಂಟಲ ಎರಡೂ ಬದಿಗೆ ಬೆರಳಿಟ್ಟಳು. “ಇಲ್ಲಿ ಸ್ನಾಯು ಉಬ್ಬಿ ಹಗ್ಗ ಏಳಬಾರದು. ಎದ್ದರೆ ಕಳ್ಳತನ. ಒಳಗಿನ ಸಣ್ಣ ಸ್ನಾಯು ನಿದ್ದೆ ಹೊಡೀತಿರುತ್ತೆ, ಹೊರಗಿನ ದೊಡ್ಡಣ್ಣ ಅದರ ಕೆಲಸ ಮಾಡಿ ಕತ್ತು ಹಾಳು ಮಾಡ್ತಾನೆ. ಮಲಗಿ ಮಾಡಿ, ಕೂತು ಮಾಡಿ, ಎಲ್ಲಿ ಬೇಕಾದ್ರೂ ಮಾಡಿ. ಹಗ್ಗ ಮಾತ್ರ ಏಳಕೂಡದು.”

ನಾನು ಮನೆಯಲ್ಲಿ ಅದನ್ನು ಶುರು ಮಾಡಿದ ದಿನ ನನ್ನ ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟು ತಮ್ಮನಿಗೆ ಫೋನ್ ಮಾಡಿದಳು: “ಮದುವೆಯಾದಾಗಿಂದ ಇವರು ನಾನು ಹೇಳಿದ್ದಕ್ಕೆಲ್ಲ ಗೋಣು ಹಾಕ್ತಿರೋದು ಇದೇ ಮೊದಲು ಕಣೋ. ಏನು ಮಾಡಿಸಿದೆ ಇವರಿಗೆ?”

ಗೋಣುಮುರುಕಿಯ ಮನೆ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸು. ಎರಡು ಕೋಣೆ, ನೀರು ಬರುವ ನಲ್ಲಿ, ಬಿಸಿಲು ಬೀಳುವ ಕಿಟಕಿ. ಕೆಲಸ ಇರುವ ತನಕ ಮನೆ ಎಂದು ಕರಾರು. ಗಂಡ ಯಾವತ್ತೋ ಇನ್ನೊಬ್ಬಳ ಜೊತೆ ಹೊರಟುಹೋಗಿದ್ದ. ಹೆಂಡತಿಯನ್ನು ಬಿಟ್ಟು ಹೋಗಿದ್ದ, ತಾಯಿಯನ್ನು ಹೆಂಡತಿಗೆ ಬಿಟ್ಟು ಹೋಗಿದ್ದ. ಆ ಅತ್ತೆಗೂ ತಲೆನೋವಿತ್ತು. ಸೊಸೆ ತಟ್ಟೆಯ ಮುಂದೆ ಕೂತ ಕೂಡಲೇ ಬರುತ್ತಿತ್ತು.

“ಊರಿನವರ ಕತ್ತೆಲ್ಲ ಹಿಚುಕ್ತಾಳೆ. ಮನೇಲಿರೋ ಮುದುಕಿಗೆ ಮಾತ್ರ ಇವಳ ಬೆರಳು ನೋಯುತ್ತೆ,” ಎಂದು ಮುದುಕಿ ಗೋಡೆಗೆ ಹೇಳುತ್ತಿದ್ದಳು. ಗೋಡೆಯ ಆಚೆಯವರಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ.

ಬೆರಳು ನೋಯುತ್ತಿದ್ದುದು ನಿಜ. ಬೇರೆಯವರ ಮೂಳೆಯ ಮೇಲೆ ಒತ್ತಿ ಒತ್ತಿ ಹೆಬ್ಬೆರಳಿನ ಬುಡದ ಕೀಲು ಸವೆದಿತ್ತು. ಬೀಗಕ್ಕೆ ಕೀಲಿಕೈ ಹಾಕಿದರೆ ತಿರುಗಿಸಲು ಎರಡೂ ಕೈ ಬೇಕಾಗುತ್ತಿತ್ತು. ಆಸ್ಪತ್ರೆಯಲ್ಲಿ ಯಾರಾದರೂ ಕೇಳಿದರೆ “ಜಾರದಿರಲಿ ಅಂತ ಪಟ್ಟಿ” ಎನ್ನುತ್ತಿದ್ದಳು. ಬೆರಳಿದ್ದರೆ ಕೆಲಸ, ಕೆಲಸವಿದ್ದರೆ ಮನೆ. ಈ ಲೆಕ್ಕ ಆಕೆಗೂ ಅತ್ತೆಗೂ ಚೆನ್ನಾಗಿ ಗೊತ್ತಿತ್ತು. ಆದರೂ ಅತ್ತೆ ಒತ್ತಿಸಿಕೊಳ್ಳುತ್ತಿದ್ದಳು.

ಇನ್ನು ಅಧ್ಯಕ್ಷರು. ಆಸ್ಪತ್ರೆ ನಡೆಸುವ ಮಂಡಳಿಗೆ ಅವರೇ ಹಿರಿತಲೆ. ಆ ತಲೆಯನ್ನು ಅವರು ಎಂದೂ ನೇರ ಇಟ್ಟವರಲ್ಲ. ಫೋಟೋದಲ್ಲಿ ಗದ್ದ ಮುಂದಿದ್ದರೆ ನಾಯಕನ ಕಳೆ ಬರುತ್ತದೆಂದು ಯಾವನೋ ಫೋಟೋಗ್ರಾಫರ್ ಹೇಳಿದ್ದನಂತೆ. ಅಂದಿನಿಂದ ಗದ್ದ ಮೊದಲು ಬರುತ್ತಿತ್ತು, ಅಧ್ಯಕ್ಷರು ಹಿಂದಿನಿಂದ ಬರುತ್ತಿದ್ದರು. ಅವರ ಅಭಿನಂದನ ಗ್ರಂಥದ ಕರಡು ನನ್ನ ಮೇಜಿಗೇ ಬಂದಿತ್ತು. ಅದಕ್ಕೆ ಅವರೇ ಇಟ್ಟ ಹೆಸರು ‘ಬಾಗದ ಶಿರ’. ಒಂದು ಕಡೆ ಅದು ‘ಬಾಗದ ಸಿರ’ ಎಂದು ಅಚ್ಚಾಗಿತ್ತು. ನರ ಎಂಬ ಅರ್ಥವೂ ಬರುತ್ತದಲ್ಲ ಎಂದು ಎರಡು ದಿನ ಹಾಗೇ ಬಿಟ್ಟಿದ್ದೆ.

ಮಂಡಳಿಗೆ ಅವರು ತಮ್ಮ ತೀರಿಹೋದ ತಂದೆಯ ಹೆಸರಿನಲ್ಲಿ ಕತ್ತು ಎಳೆಯುವ ಯಂತ್ರವೊಂದನ್ನು ದಾನ ಕೊಟ್ಟಿದ್ದರು. ಹಿತ್ತಾಳೆ ಫಲಕದ ಮೇಲೆ ತಂದೆಯ ಹೆಸರು ಸಣ್ಣದು, ದಾನಿಯ ಹೆಸರು ದೊಡ್ಡದು. ಗೋಣುಮುರುಕಿ ಅದನ್ನು ಬಳಸುತ್ತಿರಲಿಲ್ಲ. “ತೋಳು ಜೋಮು ಹಿಡಿದೋರಿಗೆ ಬೇಕಾದ್ರೆ ಹಾಕೋಣ. ಈ ತಲೆನೋವಿಗೆ ಎಳೆದರೆ ಇನ್ನೊಂದು ತಲೆನೋವು,” ಎಂದು ಅದರ ಮೇಲೆ ಒದ್ದೆ ಟವೆಲು ಒಣಹಾಕುತ್ತಿದ್ದಳು.

ಅಧ್ಯಕ್ಷರಿಗೂ ತಲೆನೋವು ಹತ್ತಿಕೊಂಡು, ದೊಡ್ಡ ದೊಡ್ಡ ಡಾಕ್ಟರುಗಳೆಲ್ಲ ಮುಗಿದು, ಕೊನೆಗೆ ಆ ಮೆಟ್ಟಿಲ ಕೆಳಗೆ ಬಂದರು. ಬಾಗಿಲಲ್ಲೇ ತಲೆ ಬಡಿಸಿಕೊಂಡರು. ಒಳಗೆ ಮೊದಲು ಕಂಡದ್ದು ತಂದೆಯ ಹೆಸರಿನ ಮೇಲೆ ತೊಟ್ಟಿಕ್ಕುತ್ತಿದ್ದ ಟವೆಲು. ಹೊರಗಿನ ಬೆಂಚಿನಲ್ಲಿ ನಾವು ಐದಾರು ಜನ ಕೂತಿದ್ದೆವು. ಬಾಗಿಲಿಗೆ ಪರದೆ ಮಾತ್ರ ಇತ್ತು.

“ಗದ್ದ ಒಳಗೆ ತಗೊಳ್ಳಿ,” ಆಕೆಯ ಧ್ವನಿ ಕೇಳಿಸಿತು.

“ನಾನು ಇರೋದೇ ಹೀಗಮ್ಮ.”

“ಅದಕ್ಕೇ ನೋವು ಇರೋದು. ದೊಡ್ಡಸ್ತಿಕೆ ಒಂದು ಅಂಗುಲ ಹಿಂದೆ ಬಂದ್ರೆ ತಲೆನೋವು ಎರಡು ಅಂಗುಲ ಹಿಂದೆ ಹೋಗುತ್ತೆ.”

ನಾವು ಮುಖ ಮುಖ ನೋಡಿಕೊಂಡೆವು. ಸ್ವಲ್ಪ ಹೊತ್ತಿಗೆ ಒಳಗಿಂದ ಒಂದು ಕೂಗು ಬಂತು. “ಅಮ್ಮಾ! ಇದೇ! ಬಿಡೇ, ಬಿಡೇ ನನ್ನವ್ವಾ!” ಆಮೇಲೆ ಬಿಕ್ಕುವ ಸದ್ದು. ವೇದಿಕೆಯ ಮೇಲೆ ಎಂದೂ ನೀರು ಕೂಡ ಕೇಳಿ ಕುಡಿಯದ ಮನುಷ್ಯ! ಪಕ್ಕದ ಅಜ್ಜ ಖುಷಿಯಿಂದ ನನ್ನ ತೊಡೆ ತಟ್ಟಿದ.

“ಅಳಿ, ಪರವಾಗಿಲ್ಲ,” ಎಂದಳು ಒಳಗಿಂದ ಗೋಣುಮುರುಕಿ, ಬೀದಿಗೆಲ್ಲ ಕೇಳುವ ಹಾಗೆ. “ಇಲ್ಲಿಗೆ ಬಂದೋರೆಲ್ಲ ಅಳ್ತಾರೆ. ನಿಮ್ಮದು ಸ್ವಲ್ಪ ಜಾಸ್ತಿ, ಅಷ್ಟೇ.”

ಹೊರಗೆ ಬಂದ ಅಧ್ಯಕ್ಷರ ತಲೆನೋವು ಇಳಿದಿತ್ತು. ಬೆಂಚಿನ ಮೇಲೆ ನಮ್ಮನ್ನು ಕಂಡ ಕೂಡಲೇ ಗದ್ದ ಮತ್ತೆ ಮುಂದೆ ಬಂತು. ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡು ಹೋದರು, ಸಾಕ್ಷಿಗಳನ್ನು ಗುರುತು ಹಾಕಿಕೊಳ್ಳುವವರ ಹಾಗೆ.

ಮುಂದಿನ ತಿಂಗಳು ಮಂಡಳಿಯ ಸಭೆ. ವಾರ್ಷಿಕ ವರದಿಯ ಕರಡು ಹಿಡಿದುಕೊಂಡು ನಾನೂ ಮೂಲೆಯ ಕುರ್ಚಿಯಲ್ಲಿದ್ದೆ. ಕಾರ್ಯದರ್ಶಿ ಗೋಣುಮುರುಕಿಯನ್ನು ಕರೆಸಿದ. ಅವನು ಸ್ವಂತ ಅಭಿಪ್ರಾಯವೆಂಬ ದುಶ್ಚಟ ಇಲ್ಲದ ಮನುಷ್ಯ. ಅಧ್ಯಕ್ಷರು ಸೀನಿದರೆ ಮೂಗು ಒರೆಸಿಕೊಳ್ಳುವವನು.

“ಬೆರಳು ಹೋಗಿದೆಯಂತೆ?”

“ಯಾರು ಹೇಳಿದ್ದು?”

“ನಿಮ್ಮ ಅತ್ತೇನೇ ಹೇಳಿದ್ದು. ಹೊರರೋಗಿ ವಿಭಾಗದಲ್ಲಿ ಕೂತು ಎಲ್ಲರಿಗೂ ಹೇಳ್ತಾರೆ, ಸೊಸೆ ಕೈ ಸತ್ತುಹೋಗಿದೆ ಅಂತ. ಪಟ್ಟಿ ಬಿಚ್ಚಿ ನೋಡೋಣ.”

ಆಕೆ ಮೇಜಿನ ಮುಂದೆ ನಿಂತು ಪಟ್ಟಿ ಬಿಚ್ಚಿದಳು. ಶಾಲೆಯ ಹುಡುಗಿ ಉಗುರು ತೋರಿಸುವಂತೆ ಎರಡೂ ಕೈ ಚಾಚಿದಳು. ಸದಸ್ಯರಲ್ಲಿ ಒಬ್ಬರು ನಿವೃತ್ತ ಹಲ್ಲಿನ ಡಾಕ್ಟರು. ಅವರು ಎದ್ದು ಬಂದು, ಊದಿಕೊಂಡಿದ್ದ ಎರಡೂ ಹೆಬ್ಬೆರಳಿನ ಬುಡವನ್ನು ಹಿಡಿದು, ಅಲುಗುವ ಹಲ್ಲನ್ನು ಪರೀಕ್ಷಿಸುವಂತೆ ಅಮುಕಿದರು.

“ನೋಯುತ್ತಾ?”

“ಇಲ್ಲ.”

ಇನ್ನೂ ಸ್ವಲ್ಪ ಅಮುಕಿದರು. “ಈಗ?”

“ಇಲ್ಲ.” ಕಣ್ಣಿಂದ ನೀರು ಇಳಿದು ಗದ್ದದ ತನಕ ಬಂತು. ಒರೆಸಿಕೊಳ್ಳಲು ಕೈ ಅವರ ಹತ್ತಿರ ಇತ್ತು.

“ನೋಯಲ್ಲವಂತೆ,” ಎಂದರು ಹಲ್ಲಿನ ಡಾಕ್ಟರು ಸಭೆಗೆ. ಸಭೆ ನಕ್ಕಿತು. ಯಾರೂ ಕೆಟ್ಟವರಲ್ಲ. ನಗು ಬಂತು, ನಕ್ಕರು.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡ. “ಯಂತ್ರ ಇದೆ. ಅದನ್ನ ನಡೆಸೋಕೆ ಸ್ವಿಚ್ ಒತ್ತೋ ಹುಡುಗಿ ಒಬ್ಬಳು ಸಾಕು. ಕ್ವಾರ್ಟರ್ಸೂ ಖಾಲಿಯಾಗುತ್ತೆ. ಇವರನ್ನ ಬಿಡುಗಡೆ ಮಾಡಬಹುದಾ? ಅಧ್ಯಕ್ಷರು ಹೇಳಬೇಕು.”

ಅಧ್ಯಕ್ಷರು ಬಾಯಿ ಬಿಡಲಿಲ್ಲ. ಅವರ ಗೋಣು ಒಮ್ಮೆ ಕೆಳಗೆ ಹೋಗಿ ಮೇಲೆ ಬಂತು. ಇನ್ನೊಮ್ಮೆ ಹೋಗಿ ಬಂತು.

“ಆಯ್ತು,” ಎಂದ ಕಾರ್ಯದರ್ಶಿ. “ಮುಂದಿನ ವಿಷಯ, ಶೌಚಾಲಯದ ಬಾಗಿಲು.”

ಮರುದಿನ ಅಧ್ಯಕ್ಷರು ನನ್ನನ್ನು ಕಾರಿಗೆ ಹತ್ತಿಸಿಕೊಂಡರು. ಮುಖ ಸಪ್ಪಗಿತ್ತು. “ಅನಾಹುತ ಆಯ್ತಲ್ರೀ! ನಾನು ಒಪ್ಪಿಗೆ ಕೊಟ್ಟದ್ದಲ್ಲ. ಆಕೆ ಕಲಿಸಿದ ವ್ಯಾಯಾಮ ಮಾಡ್ತಿದ್ದೆ. ಕೂತಲ್ಲೇ ಮಾಡಿ ಅಂದಿದ್ದಳಲ್ಲ. ಆ ಪೆದ್ದ ಕಾರ್ಯದರ್ಶಿ ಅದನ್ನ ಹೂಂ ಅಂದ್ಕೊಂಡ.”

“ಹಾಗಾದ್ರೆ ಹೇಳಿಬಿಡಿ ಸಾರ್. ಮನೆ ಖಾಲಿ ಮಾಡೋಕೆ ಇನ್ನೂ ಟೈಮಿದೆ.”

“ಏನಂತ ಹೇಳಲಿ? ಅಧ್ಯಕ್ಷರು ಸಭೇಲಿ ಕೂತು ಕಸರತ್ತು ಮಾಡ್ತಿದ್ರು ಅಂತ್ಲಾ? ನಾಳೆಯಿಂದ ನಾನು ಹೂಂ ಅಂದಾಗಲೆಲ್ಲ ಜನ ಕತ್ತು ನೋಡ್ತಾರೆ. ಸಂಸ್ಥೆಯ ಗೌರವ ಏನಾಗಬೇಕು?” ನಿಟ್ಟುಸಿರು ಬಿಟ್ಟರು. “ಆಕೆಯ ಹಣೆಬರಹ.”

ಮುಂದೆ ಕೂತಿದ್ದ ಡ್ರೈವರಿಗೆ ಎರಡು ಕಿವಿಯಿತ್ತು, ಸಂಜೆ ಹೊತ್ತು ಹೋಗಿ ಕೂರಲು ಮೆಡಿಕಲ್ ಶಾಪಿತ್ತು. ಎರಡು ದಿನದಲ್ಲಿ ಊರೆಲ್ಲ ಒಂದೇ ನಗು. “ಗೋಣುಮುರುಕಿ ಕಲಿಸಿದ ಗೋಣು ಗೋಣುಮುರುಕಿಯ ಗೋಣನ್ನೇ ಮುರೀತು!” ಮಾತು ಅಷ್ಟು ಚೆನ್ನಾಗಿ ಕೂತಿದ್ದರಿಂದ ಜನಕ್ಕೆ ಆಕೆಯ ವಿಷಯ ಯೋಚಿಸುವ ಅಗತ್ಯವೇ ಬೀಳಲಿಲ್ಲ. ಆಕೆ ಸಾಮಾನು ಹೇರಿಕೊಂಡು ಹೋದ ದಿನವೂ ಗೇಟಿನಲ್ಲಿ ಒಬ್ಬ ಅದನ್ನೇ ಹೇಳಿದ. ಗಾಡಿಯ ಮೇಲೆ ಕೂತಿದ್ದ ಅತ್ತೆಯೂ ನಕ್ಕಳಂತೆ.

ಹೊಸ ಮನೆ ಎಂದರೆ ಟಯರು ಅಂಗಡಿಯ ಮೇಲಿನ ಒಂಟಿ ಕೋಣೆ. ನೀರಿಗೆ ಕೆಳಗಿಳಿಯಬೇಕು, ರಬ್ಬರಿನ ವಾಸನೆ ತಾನೇ ಮೇಲೆ ಹತ್ತುತ್ತಿತ್ತು. ಮನೆಯಲ್ಲೇ ಚಿಕಿತ್ಸೆ ಕೊಡಲು ನೋಡಿದಳು. ಒತ್ತಲು ಬೆರಳಿಲ್ಲ. ಟವೆಲಿನ ಅಂಚನ್ನು ಕಿವಿಯ ಕೆಳಗೆ ಹಿಡಿದು ಮುಂದಕ್ಕೆಳೆಯುತ್ತಾ ತಲೆ ತಿರುಗಿಸುವುದು, ಗದ್ದ ಒಳಗೆಳೆದು ಹೂಂ ಅನ್ನುವುದು, ಇಷ್ಟನ್ನು ಕಲಿಸುತ್ತೇನೆ, ಮನೆಯಲ್ಲಿ ನೀವೇ ಮಾಡಿಕೊಂಡರೆ ನೋವು ಮರುಕಳಿಸುವುದಿಲ್ಲ ಎಂದಳು. ಜನ ಒಪ್ಪಲಿಲ್ಲ. “ನಮ್ಮ ಟವೆಲು, ನಮ್ಮ ಗೋಣು. ನಿಮಗ್ಯಾಕೆ ಫೀಸು?” ಎಂದರು. ನೋವು ಮಾಡದ ಮದ್ದನ್ನು ನಂಬುವವರು ಯಾರು?

ಕೊನೆಗೆ ಹಾಸಿಗೆ ದಿಂಬಿನ ಅಂಗಡಿಯಲ್ಲಿ ನಿಂತಳು. ದಿಂಬಿಗೆ ಗವುಸು ತೊಡಿಸುವ ಕೆಲಸ. ಗಿರಾಕಿ ಎತ್ತರದ ದಿಂಬು ಎತ್ತಿಕೊಂಡರೆ “ಅದು ಬೇಡ, ಕತ್ತು ಹೋಗುತ್ತೆ” ಎಂದುಬಿಡುತ್ತಿದ್ದಳು. ಮಾಲೀಕ ಹಲ್ಲು ಕಡಿದು, “ನಿಮ್ಮ ನಾಲಿಗೆಗೂ ಒಂದು ಗವುಸು ಹಾಕಿಕೊಳ್ಳಿ ತಾಯಿ,” ಎನ್ನುತ್ತಿದ್ದ.

ಇತ್ತ ಅಧ್ಯಕ್ಷರ ತಲೆನೋವು ತಿರುಗಿ ಬಂತು. ಸ್ವಿಚ್ಚಿನ ಹುಡುಗಿ ಅವರನ್ನು ತಂದೆಯ ಹೆಸರಿನ ಕೆಳಗೆ ಕೂರಿಸಿ ಎಳೆದಳು. ನೋವು ಇನ್ನೊಂದು ಕಣ್ಣಿಗೂ ಇಳಿಯಿತು. ಅಭಿನಂದನ ಸಮಾರಂಭ ಹತ್ತಿರ ಬಂದಿತ್ತು. ಕಾರು ದಿಂಬಿನಂಗಡಿಗೆ ಹೋಯಿತು.

“ಅಧ್ಯಕ್ಷರು ಕರೀತಿದ್ದಾರೆ,” ಎಂದ ಡ್ರೈವರ್. “ವಾಸಿ ಮಾಡಿದ್ರೆ ಕೆಲಸದ ವಿಷಯ, ಕ್ವಾರ್ಟರ್ಸ್ ವಿಷಯ, ಎರಡೂ ನೋಡೋಣ ಅಂದ್ರು.”

“ಬಾಯಲ್ಲಿ ಅಂದ್ರಾ, ಗೋಣಲ್ಲಿ ಅಂದ್ರಾ?”

“ಬಾಯಲ್ಲೇ ಕಣಮ್ಮಾ. ಗೋಣು ಆಡಿಸೋ ಸ್ಥಿತೀಲಿಲ್ಲ ಅವರು.”

ಹೋದಳು. ಹೋಗದೆ ಏನು? ಮೇಲಿನ ಕೋಣೆಯಲ್ಲಿ ಅತ್ತೆ ಆಗಲೇ ಪಾತ್ರೆ ಕಟ್ಟಲು ಶುರು ಮಾಡಿದ್ದಳಂತೆ.

ಗ್ರಂಥದ ಕೊನೆಯ ಪುಟಗಳಿಗೆ ಸಹಿ ಹಾಕಿಸಲು ನಾನು ಅಂದು ಅಧ್ಯಕ್ಷರ ಮನೆಯಲ್ಲೇ ಇದ್ದೆ. ಅವರು ಮಂಚದ ಮೇಲೆ ಬೋರಲು ಮಲಗಿ, ಮಡಿಸಿದ ಟವೆಲಿನ ಮೇಲೆ ಹಣೆಯಿಟ್ಟಿದ್ದರು. ಆಕೆ ಮೊದಲು ಟವೆಲು ಎಂದಳು. “ಬೇಡ.” ವ್ಯಾಯಾಮ ಎಂದಳು. “ಅದೆಲ್ಲ ಬೇಡ. ಆವತ್ತಿನ ಹಾಗೆ ಒತ್ತಮ್ಮ. ನಾನು ತಡಕೊಳ್ತೀನಿ.”

ಆಕೆ ಹೊಸ ಪಟ್ಟಿ ಸುತ್ತಿಕೊಂಡಳು. ಹಲ್ಲಿನಲ್ಲಿ ತುದಿ ಕಚ್ಚಿ ಬಿಗಿದಳು. ಹೆಬ್ಬೆರಳು ಜಾಗ ಹುಡುಕಿತು. ಹುಡುಕುವುದು ಅದಕ್ಕೆ ಮರೆತಿರಲಿಲ್ಲ. ಮೈಭಾರ ಬಿಟ್ಟಳು. ಒಂದು ಸಣ್ಣ ಸದ್ದಾಯಿತು, ಒಣ ಪುರಲೆ ಮುರಿದ ಹಾಗೆ. ಕೂಗಿದ್ದು ಅಧ್ಯಕ್ಷರಲ್ಲ. ಆಕೆ.

ಅಧ್ಯಕ್ಷರು ತಲೆ ಎತ್ತಲಿಲ್ಲ, ಎತ್ತಲು ಆಗುತ್ತಲೂ ಇರಲಿಲ್ಲ. ಟವೆಲಿನೊಳಗಿಂದಲೇ ಕೇಳಿದರು.

“ನೋಯ್ತಾ?”

ಆಕೆ ಕೈಯನ್ನು ಕಂಕುಳಲ್ಲಿ ಅವಚಿಕೊಂಡು ಗೋಡೆಗೆ ಒರಗಿದ್ದಳು. ಈ ಸಲ ‘ಇಲ್ಲ’ ಎನ್ನಲಿಲ್ಲ.

“ಹಾಗಾದ್ರೆ ಆವತ್ತಿನ ತೀರ್ಮಾನ ಸರಿಯಾಗೇ ಇತ್ತು,” ಎಂದರು ಅಧ್ಯಕ್ಷರು. ಅಷ್ಟು ನೋವಿನಲ್ಲೂ ಧ್ವನಿಯಲ್ಲಿ ಸಮಾಧಾನ ತುಂಬಿತ್ತು. “ಡ್ರೈವರ್, ಇವರನ್ನ ಅಂಗಡಿ ಹತ್ರ ಬಿಟ್ಟು ಬಾ.”

ಸಮಾರಂಭದಲ್ಲಿ ಅಧ್ಯಕ್ಷರು ಕತ್ತಿಗೆ ಪಟ್ಟಾ ಕಟ್ಟಿಕೊಂಡೇ ಕೂತರು. ತಲೆ ಬಗ್ಗದಿದ್ದುದರಿಂದ ಹಾರವನ್ನು ಮೇಲಿಂದ ಹಾಕಬೇಕಾಯಿತು. ಗ್ರಂಥದ ಹೆಸರಿಗೆ ಅಷ್ಟು ಒಪ್ಪುವ ಭಂಗಿ ಇನ್ನೊಂದಿಲ್ಲವೆಂದು ಭಾಷಣಕಾರರೆಲ್ಲ ಕೊಂಡಾಡಿದರು.

ಕೆಲವು ವಾರಗಳ ಮೇಲೆ ನಾನು ದಿಂಬು ಕೊಳ್ಳಲು ಹೋದೆ. ಮಾಲೀಕ ಊಟಕ್ಕೆ ಹೋಗಿದ್ದ. ಆಕೆಯ ಬಲಗೈ ಪೂರ್ತಿ ಕಟ್ಟಿನಲ್ಲಿತ್ತು. ದಿಂಬನ್ನು ಗದ್ದದ ಕೆಳಗೆ ಅದುಮಿ ಹಿಡಿದು, ಎಡಗೈಯಿಂದ ಗವುಸನ್ನು ಮೇಲೆಳೆಯುತ್ತಿದ್ದಳು. ಊರಿಗೆಲ್ಲ ಮಾಡಬೇಡಿ ಎಂದು ಬೈದದ್ದನ್ನೆಲ್ಲ ಈಗ ಆಕೆಯ ಕತ್ತೇ ಮಾಡುತ್ತಿತ್ತು. ಸುಮ್ಮನೆ ನಿಂತಿರಲು ಮುಜುಗರವಾಗಿ, ಒಂದು ಒಳ್ಳೆಯ ಮಾತಾಡೋಣವೆಂದು ಬಾಯಿ ತೆರೆದೆ.

“ಏನೇ ಹೇಳಿ ಅಮ್ಮ, ಅಧ್ಯಕ್ಷರ ಮನಸ್ಸಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಪಾಪ, ನಿಮ್ಮ ವ್ಯಾಯಾಮಾನೇ ಮಾಡ್ತಿದ್ರಂತೆ. ನೀವೂ ಎದುರಿಗೇ ಇದ್ರಲ್ಲ. ಕಲಿಸಿದ ಹಾಗೆ ಸರಿಯಾಗಿ ಮಾಡ್ತಿದ್ರಾ?”

ಆಕೆ ಗದ್ದದ ಕೆಳಗಿಂದ ದಿಂಬು ತೆಗೆದಳು.

“ಹಗ್ಗ ಎದ್ದಿತ್ತು. ಅದು ವ್ಯಾಯಾಮ ಅಲ್ಲ, ಹೂಂ.”